ಲಾಭ, ಎರಡು, ಮೂರು

ಅವ್ವ ನಿಂಬೆಹಣ್ಣು ಎಣಿಸುವಾಗ ಒಂದು ಅನ್ನುವುದಿಲ್ಲ,
ಲಾಭ ಅನ್ನುತ್ತಾಳೆ. ಆಮೇಲೆ ಎರಡು, ಮೂರು, ನಾಕು.
ವಾಸ್ಕೋ ಮಾರ್ಕೆಟ್ಟಿನ ಗಿರಾಕಿಗಳು ನಗುತ್ತಾರೆ,
ಅವಳ ಲೆಕ್ಕ ತಪ್ಪುವುದಿಲ್ಲ.
ನಾನೂ ಹಾಗೇ ಕಲಿತವಳು. ಒಂದನೇ ಇಯತ್ತೆಯಲ್ಲಿ
ಲಾಭ ಅಂದದ್ದಕ್ಕೆ ಮೂಲೆಯಲ್ಲಿ ನಿಂತವಳು.

ಒಂಬತ್ತರಲ್ಲಿ ನಾಗ್ವೇಕರ್ ಸರ್
ರಟ್ಟು ಹರಿದ ಪುಸ್ತಕವೊಂದನ್ನು ಕೊಟ್ಟರು.
ಕೊನೆಯ ಪುಟಗಳನ್ನು ಇಲಿ ತಿಂದಿತ್ತು,
ಉತ್ತರಗಳಿದ್ದ ಪುಟಗಳು.
ಒಳ್ಳೆಯದೇ ಆಯಿತು, ಅಂದರು.

ಝುವಾರಿ ನಗರದಲ್ಲಿ ನಮ್ಮ ತಗಡಿನ ಮೇಲೆ
ದಾಬೋಳಿಗೆ ಇಳಿಯುವ ವಿಮಾನಗಳು.
ಗಡಿಯಾರ ಬೇಕಿರಲಿಲ್ಲ.
ಒಂದು ಲೆಕ್ಕಕ್ಕೆ ಮೂರು ವಿಮಾನ,
ಇನ್ನೊಂದಕ್ಕೆ ಹನ್ನೊಂದು,
ಕೆಲವಕ್ಕೆ ಮಳೆಗಾಲ ಪೂರ್ತಿ.

ಮಡಗಾಂವಿನಲ್ಲಿ ಪರೀಕ್ಷೆ, ರವಿವಾರ.
ಅವ್ವನ ಗಲ್ಲಾಪೆಟ್ಟಿಗೆಯ ಚಿಲ್ಲರೆಯನ್ನು
ಕಂಡಕ್ಟರ್ ಬೈಯುತ್ತ ಎಣಿಸಿಕೊಂಡ.
ಕಾಲೇಜಿನ ಕಟ್ಟೆಯ ಮೇಲೆ ಒಂದೇ ಬಣ್ಣದ ಅಂಗಿ ತೊಟ್ಟ
ಕೋಚಿಂಗ್ ಹುಡುಗರು ಪ್ರಮೇಯಗಳನ್ನು
ಸೋದರಮಾವಂದಿರಂತೆ ಹೆಸರು ಹಿಡಿದು ಕರೆಯುತ್ತಿದ್ದರು.
ಅವುಗಳಲ್ಲೊಂದು ನನಗೂ ಪರಿಚಯವಿತ್ತು,
ಹೆಸರು ಗೊತ್ತಿರಲಿಲ್ಲ ಅಷ್ಟೇ.

ಮೂರು ತಾಸು, ಆರು ಪ್ರಶ್ನೆ. ನಾಲ್ಕನೆಯದು:
ಬದಿಗೆ ಎರಡು, ನಾಲ್ಕು, ಎಂಟು, ಹದಿನಾರು
ಹೀಗೆ ಇಮ್ಮಡಿಸುತ್ತ ಹೋಗುವ ಚೌಕ ಹಾಸು.
ಅದರಲ್ಲಿ ಒಂದು ಮನೆ ಇಲ್ಲ, ಎಲ್ಲಾದರೂ ಒಂದು.
ಉಳಿದುದೆಲ್ಲವನ್ನೂ ಮೂರು ಮನೆಯ
ಮೊಣಕೈ ತುಂಡುಗಳಿಂದ ಮುಚ್ಚಬಹುದೆಂದು ತೋರಿಸಿ.

ಮೂಲೆಯಿಂದ ಹಿಡಿದೆ.
ಎರಡರದು ತಾನೇ ಆಯಿತು. ನಾಲ್ಕರದು ಕಾಡಿಸಿ ಆಯಿತು.
ಎಂಟರಲ್ಲಿ ಎದುರು ಬದಿ ಮುಟ್ಟುವಷ್ಟರಲ್ಲಿ
ಪ್ರತಿ ಸಲ ಮೂರು ಮನೆ ಉಳಿಯುತ್ತಿದ್ದವು,
ಒಂದಕ್ಕೊಂದು ಮುಟ್ಟದೆ.
ಅಳಿಸಿ ಅಳಿಸಿ ಕಾಗದ ತೂತಾಯಿತು. ಗಂಟೆ.

ಎಷ್ಟ್ ಬಂತು? ಅವ್ವ ಕೇಳಿದಳು.
ಆರರಾಗ ಒಂದೂವರಿ.
ಬಾಳ ಆತು ಬಿಡು, ಮುಂಜಾನಿಂದ ನಾ
ಒಂದೂವರಿ ಕಿಲೋ ಮೆಣಸಿನಕಾಯಿ ಮಾರಿಲ್ಲ.

ಪಟ್ಟಿ ಬಂತು. ಸರ್ ಎರಡು ಸಲ ಓದಿದರು,
ಎರಡನೇ ಸಲಕ್ಕಾದರೂ ನನ್ನ ಹೆಸರು
ಬರುತ್ತದೇನೋ ಅನ್ನುವ ಹಾಗೆ.

ಅಪ್ಪ ಆಗ ಬೋಗ್ಮಾಲೋದಲ್ಲಿ,
ಯಾರದೋ ಫ್ಲ್ಯಾಟಿನ ಬಚ್ಚಲಿಗೆ ಟೈಲ್ಸ್ ಹಾಕುತ್ತಿದ್ದ.
ಬುತ್ತಿ ಒಯ್ದೆ.
ಸುಣ್ಣದ ದಾರ ಬಿಗಿದು ಚಿಮ್ಮಿದ, ಉದ್ದಕ್ಕೊಂದು ಅಡ್ಡಕ್ಕೊಂದು.
ಗೆರೆ ಕೂಡಿದಲ್ಲಿ ಮೊದಲ ಕಲ್ಲು.
ಮೂಲಿಯಿಂದ ಯಾಕ ಹಚ್ಚಂಗಿಲ್ಲ?
ಗ್ವಾಡಿ ಸುಳ್ಳ ಹೇಳ್ತದವಾ, ಅಂದ. ನಡು ಹೇಳಂಗಿಲ್ಲ.

ನೀರು ಹೋಗುವ ತೂತು ಒಂದು ಕಾಲುಭಾಗದಲ್ಲಿ.
ಉಳಿದ ಮೂರು ಇಡಿಯಾಗಿವೆ.
ನಟ್ಟನಡುವೆ ಒಂದು ಮೊಣಕೈ ಇಟ್ಟರೆ
ಆ ಮೂರರಲ್ಲೂ ಒಂದೊಂದು ಮನೆ ಹೋಗುತ್ತದೆ.
ಈಗ ನಾಲ್ಕಕ್ಕೂ ಒಂದೊಂದು ಕೊರತೆ.
ನಾಲ್ಕೂ ಅದೇ ಪ್ರಶ್ನೆ, ಅರ್ಧ ಅಳತೆಯದು.
ಮತ್ತೆ ಅವುಗಳ ನಡುವೆ. ಮತ್ತೆ ಅವುಗಳ.
ಇಳಿಯುತ್ತ ಇಳಿಯುತ್ತ ಎರಡಕ್ಕೆರಡು,
ಒಂದೇ ತುಂಡಿನ ಜಾಗ.

ಬುತ್ತಿ ಬಿಚ್ಚಲಿಲ್ಲ. ಟೈಲ್ಸ್ ಡಬ್ಬಿಯ ರಟ್ಟು ಹರಿದು
ಎಂಟು ಮನೆಯ ಹಾಸು ಗೀಚಿದೆ.
ಅಪ್ಪ ಬಗ್ಗಿ ನೋಡಿದ.
ತೂತು ಎಲ್ಲಿದ್ರೂ ನಡೀತೈತಿ?
ಎಲ್ಲಿದ್ರೂ.
ನಂಬಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು
ಯಾರೂ ತೂತು ಕೊರೆಯದ ಕಡೆ ಒಂದು ಕಾಟು ಹಾಕಿದ.
ಹಾಕು, ನೋಡೂಣು.

ನಾನು ಒಂದೊಂದೇ ಮೊಣಕೈ ಎಳೆಯುತ್ತಿದ್ದರೆ
ಹಿಂದಿನಿಂದ ಸಣ್ಣಗೆ ಎಣಿಸುತ್ತಿದ್ದ,
ಲಾಭ, ಎರಡು, ಮೂರು.
ಇಪ್ಪತ್ತೊಂದಕ್ಕೆ ರಟ್ಟು ತುಂಬಿತು.
ಎಣಿಕೆ ನಿಲ್ಲಿಸಿದ, ಪೆನ್ಸಿಲನ್ನು ಕಿವಿಗೇರಿಸಿ
ಇನ್ನೊಮ್ಮೆ ಕಾಟಿನ ಕಡೆ ನೋಡಿದ.

ಕೈ ತೊಳಕೋ, ಅಂದೆ. ರೊಟ್ಟಿ ಆರಿದವು.